ಬುಟ್ಟಿಯೊಳಗಿನ ಬೀಜ, ಬಂಡಿಯ ಮೇಲಿನ ಚಿತ್ರ

ಸಂಕ್ರಾಂತಿಯ ಹೊತ್ತಿಗೆ ಜಹೀರಾಬಾದ್ ಸೀಮೆಯ ಹಳ್ಳಿಗಳಲ್ಲಿ ಎತ್ತಿನ ಬಂಡಿಗಳು ಸಿಂಗಾರಗೊಳ್ಳುತ್ತವೆ. ಜೋಳದ ದಂಟು, ಸಜ್ಜೆ ತೆನೆ, ತೋರಣ, ಚೆಂಡುಹೂವು ಕಟ್ಟಿದ ಬಂಡಿಗಳಲ್ಲಿ ಬಿದಿರು ಬುಟ್ಟಿ, ಮಣ್ಣಿನ ಗಡಿಗೆಗಳನ್ನು ಸಾಲಾಗಿ ಇಟ್ಟು ಬಿತ್ತನೆ ಬೀಜ ತುಂಬಿರುತ್ತಾರೆ. ಜನವರಿ 14ಕ್ಕೆ ಹೊರಟ ಬಂಡಿಗಳು ಹೆಚ್ಚುಕಡಿಮೆ ಒಂದು ತಿಂಗಳು ಊರೂರು ಸುತ್ತುತ್ತವೆ. ತೆಲುಗಿನಲ್ಲಿ ಇದಕ್ಕೆ ಪಾತ ಪಂಟಲ ಜಾತರ ಎನ್ನುತ್ತಾರೆ, ಹಳೆಯ ಬೆಳೆಗಳ ಜಾತ್ರೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದನ್ನು ನಡೆಸಿಕೊಂಡು ಬಂದಿವೆ. ಕೃಷಿಯ ಬಗ್ಗೆ ಬರೆಯುವವರು ಈ ಜಾತ್ರೆಯನ್ನು ಬರೆದಿದ್ದಾರೆ, ಪರಿಸರದ ಬಗ್ಗೆ ಬರೆಯುವವರೂ ಬರೆದಿದ್ದಾರೆ. ಚಿತ್ರಕಲೆಯ ಕಣ್ಣಿನಿಂದ ಇದನ್ನು ನೋಡಿದವರು ಕಡಿಮೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಈ ಗಡಿಸೀಮೆಯಲ್ಲಿ ಇವತ್ತು ತಯಾರಾಗುತ್ತಿರುವ ಅತಿ ಒಳ್ಳೆಯ ವಸ್ತುಚಿತ್ರ ಇದು.

ವಸ್ತುಚಿತ್ರ ಎಂದಮೇಲೆ ಹಾಳೆ ಬೇಕು, ಬಣ್ಣ ಬೇಕು, ಬಂಡಿಯ ಮೇಲಿನ ಬುಟ್ಟಿ ಚಿತ್ರ ಹೇಗಾದೀತು ಎಂದು ಕೇಳಬಹುದು. ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆಲ್ಲ ನೆನಪಿರುತ್ತದೆ. ಮೇಷ್ಟ್ರು ಸ್ಟೂಲಿನ ಮೇಲೆ ಒಂದು ತಂಬಿಗೆ, ಎರಡು ಬದನೆಕಾಯಿ, ಹಿಂದೆ ಮಡಿಕೆ ಬೀಳುವಂತೆ ಒಂದು ಬಟ್ಟೆ ಇಡುತ್ತಿದ್ದರು. ನಾವು ಪೆನ್ಸಿಲ್ ಹಿಡಿಯುವ ಮೊದಲೇ ಅರ್ಧ ಕೆಲಸ ಅವರ ಕೈಯಲ್ಲಿ ಆಗಿರುತ್ತಿತ್ತು. ಯಾವುದನ್ನು ಇಡಬೇಕು, ಯಾವುದರ ಪಕ್ಕ ಇಡಬೇಕು, ಎಷ್ಟು ಜಾಗ ಬಿಡಬೇಕು ಎಂಬ ಈ ತೀರ್ಮಾನಗಳೇ ವಸ್ತುಚಿತ್ರದ ಜೀವ. ಇಟಲಿಯ ಬೊಲೊನ್ಯಾದಲ್ಲಿ ಜಾರ್ಜೊ ಮೊರಾಂಡಿ ತಾನು ಮಲಗುತ್ತಿದ್ದ ಕೋಣೆಯಲ್ಲೇ ಅವೇ ಬಾಟಲಿ, ಅವೇ ಹೂಜಿಗಳನ್ನು ಹತ್ತಾರು ವರ್ಷ ಆಚೀಚೆ ಸರಿಸುತ್ತ ಚಿತ್ರ ಬರೆದ. ಅವುಗಳ ಮೇಲೆ ಕೂತ ಧೂಳನ್ನೂ ಒರೆಸಲಿಲ್ಲ. ಜೋಡಿಸುವುದನ್ನು ಅವನು ಬಣ್ಣ ಹಚ್ಚುವಷ್ಟೇ ದೊಡ್ಡ ಕೆಲಸವೆಂದು ಎಣಿಸಿದ್ದ. ಆ ಅಳತೆಯಿಂದ ನೋಡಿದರೆ ಬಂಡಿಯ ಮೇಲೆ ಬೀಜ ಜೋಡಿಸುವ ಹೆಣ್ಣುಮಕ್ಕಳೂ ಚಿತ್ರಕಾರರೇ.

ಈ ನೆಲದ ಬಗ್ಗೆ ಎರಡು ಮಾತು ಇಲ್ಲೇ ಹೇಳಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವಲಯ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ವಲಯ, ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಈಗ ಅವು ತೆಲಂಗಾಣದಲ್ಲಿವೆ. ಕಾಗದದ ಮೇಲೆ ಗಡಿ ಸರಿಯಿತು, ಅಡುಗೆಮನೆ ಸರಿಯಲಿಲ್ಲ. ಹಂಚು, ಪರಾತ, ಬೀಸುಕಲ್ಲು, ಮರ, ನೆಲುವು, ಹರವಿ ಗಡಿಯ ಎರಡೂ ಕಡೆ ಒಂದೇ. ಜೋಳದ ರೊಟ್ಟಿ ಬಡಿಯುವ ಸದ್ದೂ ಒಂದೇ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಬಸ್‌ಸ್ಟ್ಯಾಂಡಿನಲ್ಲಿ ದಖನಿ ಮಾತಾಡುವ ಮಂದಿಗೆ ತಮ್ಮ ಊರು ಯಾವುದೆಂದು ಗುರುತು ಹಿಡಿಯಲು ಭಾಷೆಯಷ್ಟೇ ಈ ಸಾಮಾನುಗಳೂ ಸಾಕು.

ಜಾತ್ರೆಗೆ ಕೆಲವು ವಾರ ಮೊದಲು ಬರುವ ಎಳ್ಳಮವಾಸ್ಯೆಯನ್ನೇ ನೋಡಿ. ನಾರಾಯಣಖೇಡ, ಜಹೀರಾಬಾದ್ ಕಡೆ ಈ ಹಬ್ಬ ಬೀದರ್, ಕಲಬುರಗಿಗಳಲ್ಲಿ ನಡೆದಂತೆಯೇ ನಡೆಯುತ್ತದೆ. ನಿಂತ ಪೈರಿನ ನಡುವೆ ಜೋಳದ ದಂಟಿನಿಂದ ಪುಟ್ಟ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡುತ್ತಾರೆ. ಆ ಕಲ್ಲುಗಳನ್ನು ಯಾರೂ ಕಡೆದಿಲ್ಲ, ಹೊಲದಲ್ಲೇ ಆಯ್ದುಕೊಂಡವು. ಎದುರಿಗೆ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿಯ ಗಡಿಗೆ. ಕಪ್ಪು ಎರೆಮಣ್ಣಿನ ಮೇಲೆ ಬಿಳಿ ಕಲ್ಲು, ಮೇಲೆ ಹಸಿರು ದಂಟು, ಬದಿಯಲ್ಲಿ ಮಸಿ ಹಿಡಿದ ಗಡಿಗೆ. ಇದನ್ನು ಜೋಡಿಸುವಾಗ ಚಂದ ಕಾಣಲಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಕಲ್ಲು ಸೊಟ್ಟಗಿದ್ದರೆ ಮನೆಯ ಹಿರಿಯಾಕೆ ಕೂತು ಅದನ್ನು ಸರಿಮಾಡುತ್ತಾಳೆ. ಬೀಜದ ಜಾತ್ರೆಯ ಹಿಂದೆ ಈ ಅಭ್ಯಾಸ ಇದೆ. ಡೆಕ್ಕನ್ ಸೊಸೈಟಿ ಅದನ್ನು ಹೊಸದಾಗಿ ಹುಟ್ಟಿಸಲಿಲ್ಲ. ಹೊಲದ ಮೂಲೆಯಲ್ಲಿದ್ದದ್ದನ್ನು ಎತ್ತಿ ಬಂಡಿಯ ಮೇಲೆ ಕೂರಿಸಿತು.

ಈಗ ಒಂದು ಬುಟ್ಟಿಯ ಹತ್ತಿರ ಕೂರೋಣ. ಬುಟ್ಟಿ ಬಿದಿರಿನದು. ಒಳಗೂ ಹೊರಗೂ ಸಗಣಿ, ಮಣ್ಣು ಮೆತ್ತಿ ಒಣಗಿಸಿದ್ದರಿಂದ ಹೆಣಿಗೆ ಅರ್ಧ ಮುಚ್ಚಿ ಅರ್ಧ ಕಾಣುತ್ತದೆ. ಮೆತ್ತಿದ ಕಡೆ ನಾಲ್ಕು ಬೆರಳಿನ ಗುರುತು ಹಾಗೇ ಉಳಿದಿದೆ. ಒಳಗೆ ತೊಗರಿ, ಮೇಲೆ ಬೂದಿ, ನಡುವೆ ಒಣಗಿ ತಿಳಿ ಕಂದಾದ ಬೇವಿನ ಎಲೆ. ಬೂದಿ, ಬೇವು ಇದ್ದರೆ ಹುಳ ಸೇರುವುದಿಲ್ಲ. ಜಾತ್ರೆಗೆ ತರುವಾಗ ಮೇಲಿನ ಬೂದಿಯನ್ನು ಸರಿಸಿರುತ್ತಾರೆ, ಆದರೆ ಪೂರ್ತಿ ತೊಳೆದಿರುವುದಿಲ್ಲ. ಹಾಗಾಗಿ ಕೆಂಪು ಕಾಳಿನ ಮೇಲೆ ನರೆಗೂದಲಿನ ಬಣ್ಣದ ಒಂದು ಪದರ ಉಳಿಯುತ್ತದೆ. ಪಕ್ಕದ ಬುಟ್ಟಿಯಲ್ಲಿ ಬಿಳಿ ತೊಗರಿ, ಅದರಾಚೆ ಕರಿ ತೊಗರಿ, ಆಮೇಲೆ ಚುಕ್ಕೆ ಇರುವದ್ದು. ಒಂದೇ ಬೆಳೆಯ ಇಷ್ಟು ಬಣ್ಣ ಒಟ್ಟಿಗೆ ಕಂಡಾಗ, ಕಿರಾಣಿ ಅಂಗಡಿಯ ಪಾಕೀಟು ಬೇಳೆ ನಮ್ಮ ಕಣ್ಣಿನಿಂದ ಏನನ್ನು ಕಸಿದಿದೆ ಎಂಬುದು ಗೊತ್ತಾಗುತ್ತದೆ. ನವಣೆಯ ಮಾಸಲು ಬಂಗಾರ, ಸಾವೆಯ ಬೂದುಬಣ್ಣ, ಅಗಸಿಯ ಎಣ್ಣೆ ಹೊಳಪು, ಕುಸುಬಿಯ ಹಲ್ಲಿನಂಥ ಬಿಳುಪು, ಗುರೆಳ್ಳಿನ ಕಪ್ಪು. ಈ ಕಪ್ಪನ್ನು ಅವರು ಎಲ್ಲಿ ಇಡುತ್ತಾರೆ ಎಂಬುದನ್ನು ಗಮನಿಸಬೇಕು. ಸಾಲು ಒಂದೇ ಸಮ ಹಳದಿಯಾಗಿ ಮಂಕಾಗುವ ಹೊತ್ತಿಗೆ ಗುರೆಳ್ಳಿನದೋ ಉದ್ದಿನದೋ ಒಂದು ಸಣ್ಣ ಗಡಿಗೆ ಬಂದು ಕಣ್ಣನ್ನು ನಿಲ್ಲಿಸುತ್ತದೆ. ಬಣ್ಣದ ತೂಕ ಗೊತ್ತಿಲ್ಲದ ಕೈ ಹಾಗೆ ಇಡಲಾರದು.

ಯುರೋಪಿನ ವಸ್ತುಚಿತ್ರಗಳ ದೊಡ್ಡ ಪರಂಪರೆಯನ್ನು ಪಕ್ಕದಲ್ಲಿಟ್ಟರೆ ಈ ಬುಟ್ಟಿಗಳ ವಿಶೇಷ ಇನ್ನೂ ಸ್ಪಷ್ಟವಾಗುತ್ತದೆ. ಹದಿನೇಳನೇ ಶತಮಾನದ ಡಚ್ಚರ ಚಿತ್ರಗಳಲ್ಲಿ ಅರ್ಧ ಸುಲಿದ ನಿಂಬೆಹಣ್ಣು, ಬೆಳ್ಳಿಯ ಬಟ್ಟಲು, ಚೀನಾದ ಪಿಂಗಾಣಿ ಇರುತ್ತವೆ. ಪೀಟರ್ ಕ್ಲಾಸ್ 1627ರಲ್ಲಿ ಬರೆದ ಔತಣದ ಮೇಜಿನ ಮೇಲೆ ಕಾಗದದ ಸುರುಳಿಯಲ್ಲಿ ಕಾಳುಮೆಣಸು ಇದೆ. ಹಡಗು ಹತ್ತಿ ಏಷ್ಯಾದಿಂದ ಹೋದ ಮೆಣಸು ಅಲ್ಲಿ ಸಿರಿವಂತಿಕೆಯ ಗುರುತಾಗಿ ಕೂತಿದೆ. ಆ ಚಿತ್ರಗಳು ಕೊಟ್ಟ ನೆಮ್ಮದಿ ಕೊಂಡವನ ನೆಮ್ಮದಿ. ಅದರ ಬೆನ್ನಿಗೇ ಭಯವೂ ಇತ್ತು. ಇದೆಲ್ಲ ಒಂದು ದಿನ ಹೋಗುತ್ತದೆ ಎಂದು ನೆನಪಿಸಲು ಅವರು ತಲೆಬುರುಡೆ, ಮರಳುಗಡಿಯಾರಗಳನ್ನೂ ಬರೆದರು. ಕೈ ಮಾತ್ರ ಅದ್ಭುತ. ಬೆಳ್ಳಿಯ ಅಂಚಿನಲ್ಲಿ ಕಿಟಕಿಯ ಬೆಳಕು ಮಡಚಿಕೊಳ್ಳುವುದನ್ನು ಅವರಷ್ಟು ಚೆನ್ನಾಗಿ ಬರೆದವರು ವಿರಳ.

ನಮ್ಮ ಬುಟ್ಟಿಗೆ ಹತ್ತಿರದ ನೆಂಟ ಸ್ಪೇನಿನಲ್ಲಿದ್ದಾನೆ. ಹ್ವಾನ್ ಸಾಂಚೆಸ್ ಕೊತಾನ್ ಸುಮಾರು 1602ರಲ್ಲಿ ಬರೆದ ಚಿತ್ರದಲ್ಲಿ ಕಿಟಕಿಯಂಥ ಕಲ್ಲಿನ ಚೌಕಟ್ಟು, ಒಳಗೆ ಬರೀ ಕತ್ತಲು. ಕ್ವಿನ್ಸ್ ಎಂಬ ಹಣ್ಣು ಮತ್ತು ಕೋಸುಗಡ್ಡೆ ದಾರದಿಂದ ತೂಗುತ್ತಿವೆ. ಕೆಳಗೆ ಕೊಯ್ದ ಕರಬೂಜ, ಸೌತೆಕಾಯಿ. ಆಗಿನ ಉಗ್ರಾಣಗಳಲ್ಲಿ ಕೆಡದಂತೆ ತರಕಾರಿಯನ್ನು ಹಾಗೇ ತೂಗುಹಾಕುತ್ತಿದ್ದರು. ಈ ಚಿತ್ರ ಬರೆದ ಮೇಲೆ ಆತ ಮಠ ಸೇರಿದ. ತೊಲೆಗೆ ಕಟ್ಟಿದ ಬೀಜದ ಜೋಳದ ತೆನೆಗಳನ್ನು, ನೆಲುವಿನಲ್ಲಿ ತೂಗುವ ಮೊಸರಿನ ಗಡಿಗೆಯನ್ನು ಕಂಡು ಬೆಳೆದ ನಮ್ಮವರಿಗೆ ಆ ಚಿತ್ರ ವಿವರಣೆ ಇಲ್ಲದೆಯೇ ಅರ್ಥವಾದೀತು. ಕಾಯ್ದಿಡುವುದು ಅಲ್ಲಿ ಚಿತ್ರದ ರೂಪವನ್ನೇ ನಿರ್ಧರಿಸಿದೆ. ಜಾತ್ರೆಯ ಬುಟ್ಟಿಯ ರೂಪವನ್ನು ನಿರ್ಧರಿಸಿದ್ದೂ ಅದೇ.

ಆದರೂ ಒಂದು ದೊಡ್ಡ ಅಂತರ ಉಳಿಯುತ್ತದೆ. ಕೊತಾನನ ಹಣ್ಣು ಚಿತ್ರದಲ್ಲೇ ಉಳಿಯಿತು. ಫ್ರೆಂಚ್ ಚಿತ್ರಕಾರ ಶಾರ್ದಾನ್ ಬರೆದ ನೀರಿನ ಲೋಟ, ಕಾಫಿಪಾತ್ರೆ ಎರಡೂವರೆ ಶತಮಾನದಿಂದ ಅದೇ ಮೇಜಿನ ಮೇಲಿವೆ. ಜಾತ್ರೆಯ ಬೀಜ ಮುಂದಿನ ಮಳೆಗೆ ಮಣ್ಣಿಗೆ ಹೋಗುತ್ತದೆ. ಬರುವ ವರ್ಷದ ಚಿತ್ರವನ್ನು ಈ ವರ್ಷದ ಚಿತ್ರದಿಂದಲೇ ಬೆಳೆದುಕೊಳ್ಳಬೇಕು. ಮಳೆ ಕೈಕೊಟ್ಟ ವರ್ಷ ಒಂದು ಬುಟ್ಟಿ ಸಣ್ಣದಾಗುತ್ತದೆ, ಒಂದು ಬಣ್ಣ ಇಲ್ಲವಾಗುತ್ತದೆ. ಹಾಗಾಗಿ ಈ ಚಿತ್ರದಲ್ಲಿ ಕಾಣುವ ನೆಮ್ಮದಿ ಕೂತು ನೋಡಿ ಪಡೆಯುವಂಥದ್ದಲ್ಲ, ದುಡಿದು ಉಳಿಸಿಕೊಂಡದ್ದು.

ದಿನಬಳಕೆಯ ವಸ್ತು ಮನಸ್ಸಿಗೆ ಸಮಾಧಾನ ಕೊಡುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಹಳೆಯ ಹಿತ್ತಾಳೆ ತಂಬಿಗೆಯನ್ನು ತೊಳೆದು ಬೈಠಕ್ ಕೋಣೆಯಲ್ಲಿ ಇಟ್ಟುಕೊಳ್ಳುವವರು ಹೆಚ್ಚಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಅಜ್ಜಿಯ ನೆನಪು ದೊಡ್ಡದೇ. ಆದರೆ ಸಮಾಧಾನ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಪಸ್ತಾಪುರದ ಸುತ್ತಲಿನ ಹೆಂಗಸರು ಕೊಟ್ಟ ಉತ್ತರ ಹೆಚ್ಚು ಗಟ್ಟಿ. ಸೊಸೈಟಿ ಶುರುವಾದದ್ದು 1983ರಲ್ಲಿ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ಮೊದಲು ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಸಂಘದ ಹೆಂಗಸರಲ್ಲಿ ಹೆಚ್ಚಿನವರು ದಲಿತರು. ಬೀಜಕ್ಕಾಗಿ ಸಾಹುಕಾರನ ಜಗಲಿಯಲ್ಲಿ ಕಾಯುತ್ತಿದ್ದ ಮನೆಗಳವರು. ಸಂಘಗಳು ಊರೂರಿನಲ್ಲಿ ಬೀಜದ ಬ್ಯಾಂಕು ಮಾಡಿದವು. ಬೇಕಾದವರು ಒಯ್ಯುತ್ತಾರೆ, ಸುಗ್ಗಿಯಾದ ಮೇಲೆ ಒಯ್ದದ್ದಕ್ಕಿಂತ ಹೆಚ್ಚು ಅಳೆದು ತಿರುಗಿ ಕೊಡುತ್ತಾರೆ. ದುಡ್ಡಿನ ಮಾತೇ ಇಲ್ಲ. ‘ಎರಡು ಸೇರು ನವಣಿ ಕೊಡವ್ವ’ ಎಂದು ಕೇಳಿ ಬರುವವಳನ್ನು ಬರಿಗೈಲಿ ಕಳಿಸದಿರುವ ಹೆಮ್ಮೆ ಯಾವ ಹೆಂಗಸಿಗೆ ಇದೆಯೋ ಅವಳಿಗೆ ಆ ಬುಟ್ಟಿಯನ್ನು ನೋಡಿದರೆ ಸಮಾಧಾನ ಆಗುತ್ತದೆ. ಆ ಬುಟ್ಟಿಯ ಮೇಲೆ ಅವಳಿಗೆ ಹಕ್ಕಿದೆ. ಬಂಡಿಯ ಮೇಲಿನ ಜೋಡಣೆಯಲ್ಲಿ ನಾವು ಕಾಣುವ ನಿರಾಳತೆ ಬಂದದ್ದು ಅಲ್ಲಿಂದ. ಅಂಜಿದ ಕೈ ಬೀಜವನ್ನು ಅಷ್ಟು ತುಂಬಿ, ಅಷ್ಟು ತೆರೆದು ಇಡುವುದಿಲ್ಲ.

ಹೋಲಿಕೆಗೆ ಪಕ್ಕದ ಬೀದರಿನ ಬಿದ್ರಿ ಕೆಲಸವನ್ನು ತೆಗೆದುಕೊಳ್ಳಬೇಕು. ಜಹೀರಾಬಾದಿನಿಂದ ಬಸ್ಸಿನಲ್ಲಿ ಕೂತರೆ ಒಂದು ಗಂಟೆಯ ದಾರಿ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಕೆತ್ತಿ, ಕೆತ್ತಿದ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಮಣ್ಣಿಗೆ ಇಂಥ ಕೆಲಸ ಕೊಟ್ಟ ಕಲೆ ಜಗತ್ತಿನಲ್ಲಿ ಎಷ್ಟಿವೆ! 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಬಂತು, 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಎರಡೂ ಸಲ್ಲಬೇಕಾದವೇ.

ಹಳೆಯ ಬಿದ್ರಿ ಸಾಮಾನುಗಳನ್ನು ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಮ್ಮಿನಲ್ಲಿ ನೋಡಿದವರಿಗೆ ಅವು ಕೆಲಸಕ್ಕೆ ಹುಟ್ಟಿದವು ಎಂಬುದು ಕೂಡಲೇ ಹೊಳೆಯುತ್ತದೆ. ಹುಕ್ಕಾದ ಬುರುಡೆ ನೀರು ಹಿಡಿಯಬೇಕು, ಪಾನ್‌ದಾನಿನ ಮುಚ್ಚಳ ಬೆರಳಿಗೆ ಸಿಗಬೇಕು, ಸುರಾಯಿಯ ಕತ್ತು ಮುಷ್ಟಿಗೆ ಒಗ್ಗಬೇಕು. ಆ ಆಕಾರಗಳ ಚೆಲುವು ಬಳಕೆಯಿಂದ ಬಂದದ್ದು. ಇವತ್ತು ಹೆಚ್ಚು ಮಾರಾಟವಾಗುವುದು ಶೋಕೇಸಿನ ಹೂದಾನಿ, ಸನ್ಮಾನಕ್ಕೆ ಕೊಡುವ ತಟ್ಟೆ, ಆನೆ ಒಂಟೆಯ ಗೊಂಬೆ. ಕೈಕೆಲಸ ಒಂದಿಷ್ಟೂ ಕೆಳಗಿಳಿದಿಲ್ಲ. ವಸ್ತು ಮಾತ್ರ ಕೆಲಸ ಕಳೆದುಕೊಂಡಿದೆ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂದು, ಗಾಜಿನ ಹಿಂದೆ ಕೂತು, ಯಾರ ಕೈಗೂ ಸಿಗದೆ ಉಳಿಯುತ್ತದೆ. ಇದರ ಹೊಣೆ ಕುಶಲಕರ್ಮಿಗಳದ್ದಲ್ಲ, ಕೊಳ್ಳುವ ನಮ್ಮದು. ಬಿದ್ರಿಯಲ್ಲಿ ಒಂದು ಅಡಿಕೆ ಡಬ್ಬಿ, ಒಂದು ನೀರಿನ ಲೋಟದ ಮುಚ್ಚಳ ಕೇಳಿ ಮಾಡಿಸಿಕೊಂಡು ದಿನವೂ ಮುಟ್ಟುವವರು ಬೇಕು. ಮುಟ್ಟದೆ ಇಟ್ಟ ವಸ್ತುವಿನಿಂದ ಸಿಗುವುದು ಮೆಚ್ಚುಗೆ ಮಾತ್ರ. ಸಮಾಧಾನಕ್ಕೆ ಕೈ ತಾಗಬೇಕು.

ತಾಂಡೂರಿನ ಫರಸಿ ಈ ಕಷ್ಟಕ್ಕೆ ಸಿಕ್ಕಿಲ್ಲ. ನೀಲಿ ಬೂದು ಬಣ್ಣದ, ಒಮ್ಮೊಮ್ಮೆ ಹಳದಿಯ ಸುಣ್ಣಕಲ್ಲು. ಶಹಾಬಾದ್ ಕಲ್ಲಿನ ಬಳಗದ್ದು. ತಾಂಡೂರು, ಬಶೀರಾಬಾದ್ ಸುತ್ತ ಗಣಿಯಿಂದ ತೆಗೆದು ಕತ್ತರಿಸಿ ಪಾಲಿಶ್ ಮಾಡುತ್ತಾರೆ. ಬಡವರ ಮನೆಯ ನೆಲ, ಅಡುಗೆಕಟ್ಟೆ, ಗೋಡೆಯ ಹಲಗೆ, ಅಂಗಳದ ತೊಳೆಯುವ ಬಂಡೆ ಎಲ್ಲ ಇದೇ. ಬೇಸಿಗೆಯ ಮಧ್ಯಾಹ್ನ ಬೆನ್ನಿಗೆ ಈ ಕಲ್ಲಿನ ತಂಪು ತಾಗಿಸಿ ಮಲಗಿದವರಿಗೆ ವಸ್ತುವಿನ ಸಮಾಧಾನವನ್ನು ಬಿಡಿಸಿ ಹೇಳಬೇಕಿಲ್ಲ. ಚಿತ್ರದ ಲೆಕ್ಕದಲ್ಲಿ ಅದಕ್ಕೆ ಇನ್ನೊಂದು ಗುಣ ಇದೆ. ಅದರ ಮೇಲೆ ಏನಿಟ್ಟರೂ ಅದರ ಬಣ್ಣ ನಿಜವಾಗಿ ಕಾಣುತ್ತದೆ. ಪ್ರದರ್ಶನ ಶಾಲೆಗಳ ಬಿಳಿ ಪೀಠ ಬೀಜದ ಬಣ್ಣವನ್ನು ಕೊಲ್ಲುತ್ತದೆ, ಈ ಬೂದು ಕಲ್ಲು ಎತ್ತಿ ಕೊಡುತ್ತದೆ. ತೊಗರಿ ಹರವಿದಾಗಲಂತೂ ನೋಡಬೇಕು. ತೊಗರಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು, ತಾಂಡೂರು ತೊಗರಿಗೆ 2022ರಲ್ಲಿ. ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ನೆಲದ ಒಂದೇ ಕಾಳಿಗೆ ಈಗ ಎರಡು ರಾಜ್ಯಗಳ ಎರಡು ಗುರುತಿನ ಚೀಟಿ.

ಇದೇ ಸಾಮಾನುಗಳ ಸುಳ್ಳು ಚಿತ್ರವೂ ಈಗ ಬೇಕಾದಷ್ಟು ಬಂದಿದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ಪಾಕೀಟುಗಳ ಮೇಲೆ, ಹೋಟೆಲಿನ ಗೋಡೆಗಳ ಮೇಲೆ ಗೋಣಿ ಬಟ್ಟೆ ಹಾಸಿ, ಹೊಸ ಮರದ ಬಟ್ಟಲಿನಲ್ಲಿ ನವಣೆ ಸುರಿದು, ಪಕ್ಕಕ್ಕೊಂದು ತೆನೆ ಒರಗಿಸಿದ ಫೋಟೋಗಳು ತುಂಬಿಕೊಂಡವು. ಬೆಳಕು ಚೆನ್ನಾಗಿದೆ, ಕಾಳು ಸ್ವಚ್ಛವಾಗಿದೆ, ಬೂದಿಯ ಗುರುತಿಲ್ಲ, ಬೆರಳಿನ ಗುರುತಿಲ್ಲ. ಬೆಳೆದವರು ಯಾರು, ಯಾವ ಊರಿನ ಕಾಳು ಎಂಬುದು ಆ ಚಿತ್ರಕ್ಕೆ ಬೇಕಿಲ್ಲ. ಅದಕ್ಕೆ ವಿರುದ್ಧವಾಗಿ, ಸಂಘದ ಹೆಂಗಸರೇ ಕ್ಯಾಮರಾ ಕಲಿತು ಕಮ್ಯೂನಿಟಿ ಮೀಡಿಯಾ ಟ್ರಸ್ಟಿನ ಮೂಲಕ ಸಿನಿಮಾ ಮಾಡಿದ್ದಾರೆ. ಮಚನೂರಿನಿಂದ 2008ರ ಅಕ್ಟೋಬರಿನಲ್ಲಿ ತಮ್ಮದೇ ಸಂಘಂ ರೇಡಿಯೊ ಶುರು ಮಾಡಿದರು. ಕೂತು ಮಾತಾಡುವ ಹೆಂಗಸಿನ ಮಟ್ಟಕ್ಕೇ ಅವರ ಕ್ಯಾಮರಾವೂ ಕೂರುತ್ತದೆ. ಮೇಲಿಂದ ಬಗ್ಗಿ ನೋಡುವುದಿಲ್ಲ. ಬೀಜವನ್ನು ತೋರಿಸುವಾಗ ಅದನ್ನು ಹಿಡಿದ ಅಂಗೈಯೂ ಇರುತ್ತದೆ.

ಜಾತ್ರೆಯ ಬಗ್ಗೆ ನನಗೆ ತಕರಾರುಗಳೂ ಇವೆ, ಪ್ರೀತಿ ಇರುವುದರಿಂದಲೇ ಹೇಳುತ್ತೇನೆ. ತಳಿಗಳ ಸಂಖ್ಯೆಯನ್ನು ಹೆಚ್ಚು ತೋರಿಸುವ ಉತ್ಸಾಹದಲ್ಲಿ ಬುಟ್ಟಿಗಳು ಒಂದರ ಮೇಲೊಂದು ಇಕ್ಕಟ್ಟಾಗುತ್ತವೆ. ನಡುವೆ ಖಾಲಿ ಜಾಗ ಇಲ್ಲದಿದ್ದರೆ ಇಪ್ಪತ್ತನೇ ಬುಟ್ಟಿಯ ಹೊತ್ತಿಗೆ ಕಣ್ಣು ದಣಿಯುತ್ತದೆ. ಚೆಂಡುಹೂವಿನ ಕಿತ್ತಳೆ ಬಣ್ಣ ಅತಿಯಾದರೆ ಸಾವೆ, ಹಾರಕದಂಥ ಮೆಲುದನಿಯ ಕಾಳುಗಳು ಸೋತುಹೋಗುತ್ತವೆ. ಹೂವು ಬಂಡಿಗಿರಲಿ, ಬುಟ್ಟಿಯ ಹತ್ತಿರ ಬೇಡ. ಇನ್ನೊಂದು ಕೊರತೆ ಉಪಕರಣಗಳದ್ದು. ಬೀಜದ ಪಕ್ಕ ಕೂರಿಗೆ, ಕುಡುಗೋಲು, ಮರ, ಸೇರು, ಬೀಸುಕಲ್ಲು ಇದ್ದರೆ ಕಾಳು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂಬ ಪೂರ್ತಿ ಕತೆ ಚಿತ್ರದಲ್ಲೇ ಸಿಗುತ್ತದೆ. ಹಿಡಿ ಸವೆದ ಒಂದು ಬೀಸುಕಲ್ಲಿನ ಮುಂದೆ ಎಷ್ಟೋ ಭಾಷಣಗಳು ಬೇಡವಾಗುತ್ತವೆ. ನ್ಯಾಲಕಲ್, ನಾರಾಯಣಖೇಡಗಳಲ್ಲಿ ಕನ್ನಡ ಮಾತಾಡುವ ಮನೆಗಳಿವೆ. ಕಾಳಿನ ಹೆಸರುಗಳು ಬುಟ್ಟಿಯ ಮುಂದೆ ಎರಡು ಭಾಷೆಯಲ್ಲೂ ಇರಲಿ. ಕೊರ್ರ ಎಂದು ಒಬ್ಬಳು, ನವಣಿ ಎಂದು ಇನ್ನೊಬ್ಬಳು ಒಂದೇ ಬುಟ್ಟಿಯ ಮುಂದೆ ನಿಲ್ಲುವ ಊರುಗಳಿವು.

2019ರಲ್ಲಿ ಈ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಅದು ಬೀಜ ಕಾಯ್ದದ್ದಕ್ಕೆ, ಭೂಮಿ ಕಾಯ್ದದ್ದಕ್ಕೆ. ಕಲೆಯ ಲೆಕ್ಕದಲ್ಲಿ ಅವರಿಗೆ ಸಲ್ಲಬೇಕಾದ ಮಾತು ಇನ್ನೂ ಬಾಕಿ ಇದೆ. ಬೀದರ್, ಕಲಬುರಗಿಯ ಚಿತ್ರಕಲಾ ಶಾಲೆಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ಪ್ಲಾಸ್ಟಿಕ್ಕಿನ ಸೇಬು, ಪಿಂಗಾಣಿಯ ಹೂಜಿ ಇಟ್ಟು ವಸ್ತುಚಿತ್ರ ಬರೆಸುವ ಅಭ್ಯಾಸವನ್ನು ಒಂದು ವರ್ಷ ಬಿಡಿ. ಸಂಕ್ರಾಂತಿ ಕಳೆದ ವಾರ ಹುಡುಗರನ್ನು ಕರೆದುಕೊಂಡು ಜಹೀರಾಬಾದಿಗೆ ಬನ್ನಿ. ಬಂಡಿಗಳು ನಿಂತ ಊರಿನಲ್ಲಿ ಆ ಬುಟ್ಟಿಗಳ ಮುಂದೆ ಒಂದು ದಿನ ಪೂರ್ತಿ ಕೂರಿಸಿ, ಬರೆಯಲಿ. ಬುಟ್ಟಿ ಜೋಡಿಸಿದ ಹೆಂಗಸಿನ ಹೆಸರು ಕೇಳಿ, ಚಿತ್ರದ ಕೆಳಗೆ ಹುಡುಗನ ಸಹಿಯ ಪಕ್ಕದಲ್ಲಿ ಆ ಹೆಸರನ್ನೂ ಬರೆಸಿ.